ಟಿಎಚ್350 ಗೇರ್ ಸರಿಯಾಗಿ ಬದಲಿಸದಿದ್ದರೆ: ಬಾಕ್ಸ್ ಇಳಿಸುವ ಮುಂಚೆ

1969ರ ಮಾಡೆಲ್‌ಗಳಿಂದ ಷೆವರ್ಲೆ, ಬ್ಯೂಕ್, ಪಾಂಟಿಯಾಕ್ ಕಾರುಗಳಿಗೆ ಬಂದ ಟರ್ಬೊ-ಹೈಡ್ರಮ್ಯಾಟಿಕ್ 350 (ಟಿಎಚ್350) ಮೂರು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಇದರಲ್ಲಿ ಕಂಪ್ಯೂಟರ್ ಇಲ್ಲ. ಕಾರಿನ ವೇಗವನ್ನು ಗವರ್ನರ್, ಎಂಜಿನ್ನಿನ ಹೊರೆಯನ್ನು ವ್ಯಾಕ್ಯೂಮ್ ಮಾಡ್ಯುಲೇಟರ್, ಆಕ್ಸಿಲರೇಟರ್ ಪೂರ್ತಿ ತುಳಿದದ್ದನ್ನು ಡಿಟೆಂಟ್ ಕೇಬಲ್ ತಿಳಿಸುತ್ತವೆ. ಮೂರೂ ಹೊರಗಿನಿಂದಲೇ ಕೈಗೆ ಸಿಗುತ್ತವೆ. ಬಾಕ್ಸ್ ಇಳಿಸುವ ಮಾತು ಇವನ್ನು ನೋಡಿದ ಮೇಲೆ.

ಮೊದಲು ಆಯಿಲ್. ಕಾರನ್ನು ಚೆನ್ನಾಗಿ ಓಡಿಸಿ ಬಿಸಿ ಮಾಡಿ, ಸಮತಟ್ಟಾದ ಕಡೆ ನಿಲ್ಲಿಸಿ, ಎಂಜಿನ್ ಐಡಲ್‌ನಲ್ಲಿರುವಾಗಲೇ ಪಾರ್ಕ್‌ನಲ್ಲಿ ಡಿಪ್‌ಸ್ಟಿಕ್ ನೋಡಿ. ಎಂಜಿನ್ ಆರಿಸಿ ನೋಡಿದರೆ ಮಟ್ಟ ತಪ್ಪಾಗಿ ಮೇಲೆ ಕಾಣುತ್ತದೆ. ‘ಆಡ್’ ಗೆರೆಯಿಂದ ‘ಫುಲ್’ಗೆ ಸುಮಾರು ಅರ್ಧ ಲೀಟರ್ ಸಾಕು; ಹೆಚ್ಚು ಸುರಿದರೆ ನೊರೆಯೆದ್ದು ಒತ್ತಡ ಬೀಳುತ್ತದೆ. ಕಂದು ಬಣ್ಣ, ಸುಟ್ಟ ವಾಸನೆ ಇದ್ದರೆ ಕ್ಲಚ್ ಪ್ಲೇಟು ಸವೆದಿದೆ. ಹಾಲು ಬೆರೆತ ಗುಲಾಬಿಯಾಗಿದ್ದರೆ ರೇಡಿಯೇಟರ್ ಒಳಗಿನ ಕೂಲರ್ ತೂತಾಗಿ ನೀರು ಸೇರಿದೆ. ಆಗ ಇನ್ನು ಓಡಿಸಬೇಡಿ.

ಗೇರ್ ತಡವಾಗಿ, ಜರ್ಕ್ ಹೊಡೆದು ಬದಲಾಗುತ್ತಿದ್ದರೆ ಮೊದಲ ಅನುಮಾನ ವ್ಯಾಕ್ಯೂಮ್, ಅಂದರೆ ಎಂಜಿನ್ ಎಳೆಯುವ ನಿರ್ವಾತದ ಮೇಲೆ. ಮಾಡ್ಯುಲೇಟರ್ ಬಾಕ್ಸಿನ ಬಲಬದಿಯಲ್ಲಿ, ಹಿಂದೆ, ಒಂದೇ ಬೋಲ್ಟಿನ ಕ್ಲಾಂಪಿನಲ್ಲಿದೆ. ಅದರ ರಬ್ಬರ್ ಪೈಪಿಗೆ ‘ಟಿ’ ಆಕಾರದ ಜಾಯಿಂಟ್ ಹಾಕಿ ವ್ಯಾಕ್ಯೂಮ್ ಗೇಜ್ ಜೋಡಿಸಿ. ಐಡಲ್‌ನಲ್ಲಿ 15ರಿಂದ 20 ಇಂಚು (ಪಾದರಸದ ಅಳತೆ) ಬರಬೇಕು, ಥ್ರಾಟಲ್ ತಟ್ಟಿದಾಗ ಇಳಿದು ಕೂಡಲೇ ಏರಬೇಕು. ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ಸರಿಯಿದ್ದು ಇಲ್ಲಿ ಕಡಿಮೆಯಿದ್ದರೆ ಪೈಪು ಬಿರಿದಿದೆ ಅಥವಾ ಮಡಿಚಿದೆ. ಎರಡೂ ಕಡೆ ಕಡಿಮೆಯಿದ್ದರೆ ದೋಷ ಎಂಜಿನ್ನಿನದು. ರೇಸ್ ಕ್ಯಾಮ್ ಹಾಕಿದ ಎಂಜಿನ್‌ಗಳಲ್ಲಿ ಇದು ಮಾಮೂಲಿ.

ಪೈಪು ಕಳಚಿದಾಗ ಒಳಗೆ ಕೆಂಪು ಆಯಿಲ್ ಕಂಡರೆ ಮಾಡ್ಯುಲೇಟರಿನೊಳಗಿನ ಡಯಾಫ್ರಾಮ್ (ರಬ್ಬರ್ ಪೊರೆ) ಹರಿದಿದೆ. ಎಂಜಿನ್ ಆ ಆಯಿಲನ್ನು ಎಳೆದು ಸುಡುತ್ತದೆ. ಸೈಲೆನ್ಸರಿನಿಂದ ಬಿಳಿ ಹೊಗೆ, ಎಲ್ಲೂ ಸೋರದಿದ್ದರೂ ಕುಗ್ಗುವ ಮಟ್ಟ, ಎರಡೂ ಇದರಿಂದಲೇ. ಹೊಸ ಮಾಡ್ಯುಲೇಟರ್ ಹಾಕುವಾಗ ಓ-ರಿಂಗನ್ನೂ ಬದಲಿಸಿ. ಪೈಪಿನ ಮೂತಿಯೊಳಗೆ ಸ್ಕ್ರೂ ಇರುವ ಮಾದರಿಯಾದರೆ, ಬಲಕ್ಕೆ ತಿರುಗಿಸಿದಷ್ಟೂ ಗೇರ್ ತಡವಾಗಿ, ಬಿಗಿಯಾಗಿ ಬೀಳುತ್ತದೆ. ಒಂದು ಸಲಕ್ಕೆ ಒಂದೇ ಸುತ್ತು ತಿರುಗಿಸಿ, ರಸ್ತೆಗಿಳಿಸಿ ನೋಡಿ.

ವ್ಯಾಕ್ಯೂಮ್ ಚೆನ್ನಾಗಿದ್ದರೂ ಸದಾ ತಡವಾದರೆ ಡಿಟೆಂಟ್ ಕೇಬಲ್ ಬಿಗಿಯಾಗಿದೆಯೋ ಸಿಕ್ಕಿಕೊಂಡಿದೆಯೋ ನೋಡಿ. ಅದು ತುಂಡಾಗಿದ್ದರೆ ಓವರ್‌ಟೇಕ್ ಮಾಡಲು ಪೂರ್ತಿ ತುಳಿದರೂ ಕೆಳಗೇರಿಗೆ ಇಳಿಯದು.

ಫಸ್ಟ್‌ನಲ್ಲೇ ಸಿಕ್ಕಿಕೊಂಡು ಮುಂದಕ್ಕೆ ಬದಲಾಗದಿದ್ದರೆ ಗವರ್ನರ್ ತೆಗೆಯಿರಿ. ಎಡಬದಿಯ ಹಿಂಭಾಗದಲ್ಲಿ ದುಂಡು ಮುಚ್ಚಳವನ್ನು ತಂತಿ ಕ್ಲಿಪ್ ಹಿಡಿದಿರುತ್ತದೆ. ಕಾರನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಕೆಳಗೆ ತಟ್ಟೆಯಿಡಿ, ಆಯಿಲ್ ಸುರಿಯುತ್ತದೆ. ಗವರ್ನರಿನ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆದಿದೆಯೇ, ತೂಕದ ತುಂಡುಗಳು ಸರಾಗ ಆಡುತ್ತವೆಯೇ ನೋಡಿ. ಕಸ ಸಿಕ್ಕಿಕೊಂಡಿದ್ದರೆ ತೊಳೆದರೂ ಸಾಕು. ಹಲ್ಲು ಸವೆದಿದ್ದರೆ ಗವರ್ನರ್ ತಿರುಗುವುದೇ ಇಲ್ಲ, ಗೇರ್ ಹೊಸದು ಹಾಕಿ.

ಇಷ್ಟಾದರೂ ಸರಿಹೋಗದಿದ್ದರೆ ಯಾವ ಗೇರ್ ಜಾರುತ್ತದೆಂದು ಗಮನಿಸಿ. ಥರ್ಡ್ ಮತ್ತು ರಿವರ್ಸ್ ಎರಡೂ ಕೆಟ್ಟಿದ್ದರೆ ಡೈರೆಕ್ಟ್ ಕ್ಲಚ್. ಎರಡಕ್ಕೂ ಅದೇ ಬೇಕು. ಫಸ್ಟ್ ಚೆನ್ನಾಗಿದ್ದು ಸೆಕೆಂಡ್ ಮಾತ್ರ ಜಾರಿದರೆ ಇಂಟರ್ಮೀಡಿಯೇಟ್ ಕ್ಲಚ್. ರಿವರ್ಸ್ ಇದ್ದು ಮುಂದಕ್ಕೇ ಹೋಗದಿದ್ದರೆ ಫಾರ್ವರ್ಡ್ ಕ್ಲಚ್. ತಣ್ಣಗಿದ್ದಾಗ ಹಿಡಿಯಲು ತಡವಾಗಿ, ಬಿಸಿಯಾದ ಮೇಲೆ ಸರಿಹೋದರೆ ಒಳಗಿನ ರಬ್ಬರ್ ಸೀಲುಗಳು ಗಟ್ಟಿಯಾಗಿವೆ.

ಬಾಕ್ಸಿನ ತಳದ ಆಯಿಲ್ ಪ್ಯಾನ್ ಬಿಚ್ಚಿದಾಗ ಫಿಲ್ಟರ್ ಬದಲಿಸಿ. ಪ್ಯಾನಿನ 13 ಬೋಲ್ಟುಗಳಿಗೆ 12 ಫೂಟ್-ಪೌಂಡ್ ಸಾಕು. ಹೆಚ್ಚು ಬಿಗಿದರೆ ತಗಡು ಬಾಗಿ ಸೋರುತ್ತದೆ. ತಳದಲ್ಲಿ ಬೂದುಬಣ್ಣದ ನಯವಾದ ಕೆಸರು ತೆಳ್ಳಗಿದ್ದರೆ ಭಯವಿಲ್ಲ. ಲೋಹದ ಚೂರು ಕಂಡರೆ ಬಾಕ್ಸ್ ಇಳಿಸಲೇಬೇಕು. ಇಲ್ಲವಾದರೆ ಎರಡೂವರೆ ಲೀಟರ್ ಡೆಕ್ಸ್ರಾನ್ ಆಯಿಲ್ ಹಾಕಿ, ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿಕೊಂಡು ಎಲ್ಲ ಗೇರಿಗೂ ಲಿವರ್ ತಿರುಗಿಸಿ, ಮಟ್ಟ ನೋಡಿಕೊಂಡು ಉಳಿದದ್ದನ್ನು ಸ್ವಲ್ಪಸ್ವಲ್ಪವೇ ಸೇರಿಸಿ.