ಗಂಜಿ ತಿಳಿ ಮತ್ತು ನಾಲ್ಕು ಹನಿ ಅಯೋಡಿನ್: ಬಿಸಿ ಮಾಡಿದರೆ ಸಮತೋಲನ ಎತ್ತ ಸರಿಯುತ್ತದೆ?

18 ವರ್ಷದಿಂದ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದೇನೆ. ರಾಸಾಯನಿಕ ಸಮತೋಲನದ (ಕ್ರಿಯೆ ಮುಂದಕ್ಕೂ ಹಿಂದಕ್ಕೂ ಒಂದೇ ವೇಗದಲ್ಲಿ ನಡೆಯುವ ಸ್ಥಿತಿ) ಪಾಠ ಶುರುವಾಗುವ ದಿನ ನಾನು ಪುಸ್ತಕ ತೆರೆಯುವುದಿಲ್ಲ. ಮನೆಯಿಂದ ಒಂದು ಬಾಟಲಿ ಗಂಜಿ ತಿಳಿ ತಗೊಂಡು ಹೋಗುತ್ತೇನೆ. "ಬಿಸಿ ಮಾಡಿದರೆ ಉಷ್ಣ ಹೀರುವ ಕಡೆಗೆ ಸರಿಯುತ್ತದೆ" ಅನ್ನುವ ಸಾಲನ್ನು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಮಾತ್ರ ದಿಕ್ಕು ತಪ್ಪುತ್ತದೆ. ಒಮ್ಮೆ ಕಣ್ಣಾರೆ ನೋಡಿದವರು ತಪ್ಪುವುದು ಕಡಿಮೆ. ನೀವೂ ಮನೆಯಲ್ಲಿ ಮಾಡಿ ನೋಡಿ.

ಅನ್ನ ಬಸಿದ ತಿಳಿ ಎರಡು ಚಮಚ ಸಾಕು. ಕುಕ್ಕರ್‌ನಲ್ಲಿ ಅನ್ನ ಮಾಡುವವರು ಒಂದು ಹಿಡಿ ಅಕ್ಕಿಯನ್ನು ಜಾಸ್ತಿ ನೀರಿಟ್ಟು ಬೇಯಿಸಿ, ಮೇಲಿನ ತಿಳಿ ತೆಗೆದುಕೊಳ್ಳಿ. ಅದನ್ನು ಒಂದು ಲೋಟ ತಣ್ಣೀರಿಗೆ ಹಾಕಿ ಕದಡಿ. ಅಯೋಡಿನ್‌ಗಾಗಿ ಗಾಯಕ್ಕೆ ಹಚ್ಚುವ ಬೆಟಡಿನ್ ದ್ರಾವಣ ಬೇಕು, ಮುಲಾಮು ಆಗುವುದಿಲ್ಲ. ಅದನ್ನು ನೇರವಾಗಿ ಸುರಿಯಬೇಡಿ. ಒಂದು ಚಮಚ ನೀರಿಗೆ ನಾಲ್ಕು ಹನಿ ಬೆರೆಸಿ, ಆ ತೆಳು ನೀರನ್ನು ಹನಿ ಹನಿಯಾಗಿ ಗಂಜಿ ನೀರಿಗೆ ಬಿಡಿ. ಪ್ರತಿ ಹನಿಗೂ ಕದಡಿ ನೋಡಿ. ತಿಳಿ ನೀಲಿ ಬಂದ ಕೂಡಲೇ ನಿಲ್ಲಿಸಿ. ಗಾಜಿನ ಹಿಂದೆ ಬೆರಳು ಹಿಡಿದರೆ ಬೆರಳು ಕಾಣಬೇಕು. ಅಷ್ಟೇ ಬಣ್ಣ ಸಾಕು. ಕಪ್ಪಗಾಗುವಷ್ಟು ಹಾಕಿದರೆ ಎಷ್ಟು ಬಿಸಿ ಮಾಡಿದರೂ ಬಣ್ಣ ಪೂರ್ತಿ ಹೋಗುವುದಿಲ್ಲ.

ಇದನ್ನು ಮೂರು ಟೆಸ್ಟ್ ಟ್ಯೂಬ್‌ಗಳಿಗೆ ಅರ್ಧರ್ಧ ತುಂಬಿ, ಬಾಯಿಗೆ ಹತ್ತಿ ಇಡಿ. ಬಿಗಿಯಾಗಿ ಮುಚ್ಚಬೇಡಿ. ಒಂದು ಸುಮ್ನೆ ಮೇಜಿನ ಮೇಲಿರಲಿ, ಹೋಲಿಸಿ ನೋಡಲು. ಒಂದನ್ನು ಐಸ್ ನೀರಿನಲ್ಲಿಡಿ. ಮೂರನೆಯದನ್ನು ಬೆಚ್ಚಗಿನ ನೀರಿರುವ ಪಾತ್ರೆಯಲ್ಲಿಟ್ಟು, ಪಾತ್ರೆಯ ನೀರನ್ನು ನಿಧಾನಕ್ಕೆ ಕುದಿಯುವ ತನಕ ಕಾಯಿಸಿ. ಐಸ್‌ನಿಂದ ತೆಗೆದ ಗಾಜನ್ನು ನೇರ ಕುದಿನೀರಿಗೆ ಇಳಿಸಿದರೆ ಒಡೆಯುತ್ತದೆ, ಹುಷಾರು.

ನೀರು ಕುದಿಯುವ ಹೊತ್ತಿಗೆ ಮೂರನೆಯ ಟ್ಯೂಬಿನ ನೀಲಿ ಕರಗಿ ಹೋಗಿರುತ್ತದೆ. ಹೊರಗೆ ತೆಗೆದು ಆರಲು ಬಿಡಿ. ತಣ್ಣಗಾಗುತ್ತಾ ನೀಲಿ ಮರಳಿ ಬರುತ್ತದೆ. ಕ್ಲಾಸಿನಲ್ಲಿ ಮಕ್ಕಳು ಉಸಿರು ಬಿಗಿಹಿಡಿದು ನೋಡುವುದು ಈ ಹೊತ್ತನ್ನೇ. ಬಣ್ಣ ಹೋಗುವುದರಲ್ಲಿ ದೊಡ್ಡ ವಿಷಯ ಏನಿಲ್ಲ, ಬಟ್ಟೆಯ ಬಣ್ಣವೂ ಹೋಗುತ್ತದೆ. ಹೋದದ್ದು ವಾಪಸ್ ಬಂತಲ್ಲ, ಸಮತೋಲನ ಇರುವುದು ಅಲ್ಲಿ.

ಒಂದು ವರ್ಷ ನಾನು ಇದನ್ನು ತೆರೆದ ಬಾಣಲೆಯಲ್ಲಿ ಹತ್ತು ನಿಮಿಷ ಕುದಿಸಿಬಿಟ್ಟೆ. ಬಣ್ಣ ಹೋಯಿತು, ತಣ್ಣಗಾದ ಮೇಲೂ ಬರಲಿಲ್ಲ. ಅಯೋಡಿನ್ ಹಬೆಯ ಜೊತೆ ಹಾರಿಹೋಗಿತ್ತು. ಏನೂ ಹೊರಗೆ ಹೋಗದಿದ್ದರೆ ಮಾತ್ರ ಸಮತೋಲನ ಉಳಿಯುತ್ತದೆ ಅನ್ನುವುದನ್ನು ಅಂದಿನಿಂದ ಈ ಕಥೆ ಹೇಳಿಯೇ ಕಲಿಸುತ್ತೇನೆ. ಹತ್ತಿ ಇಡಿ ಅಂದದ್ದೂ, ಜಾಸ್ತಿ ಹೊತ್ತು ಕುದಿಸಬೇಡಿ ಅನ್ನುವುದೂ ಅದಕ್ಕೇ.

ಈಗ ಕಾಗದಕ್ಕೆ ಬನ್ನಿ. ಗಂಜಿಯಲ್ಲಿರುವ ಪಿಷ್ಟದ ಉದ್ದ ಸರಪಣಿ ಸ್ಪ್ರಿಂಗ್‌ನಂತೆ ಸುತ್ತಿಕೊಂಡಿರುತ್ತದೆ. ಅದರೊಳಗೆ ಅಯೋಡಿನ್ ಹೋಗಿ ಕೂತರೆ ನೀಲಿ. ಹಾಗೆ ಕೂರುವಾಗ ಉಷ್ಣ ಹೊರಬೀಳುತ್ತದೆ. ಹೀಗೆ ಬರೆಯಿರಿ:

ಪಿಷ್ಟ + ಅಯೋಡಿನ್ ⇌ ನೀಲಿ ಜೋಡಿ + ಉಷ್ಣ

ಉಷ್ಣವನ್ನೂ ಒಂದು ವಸ್ತುವಿನ ಹಾಗೆ ಸಮೀಕರಣದಲ್ಲಿ ಬರೆದುಬಿಡಿ. ಬಿಸಿ ಮಾಡುವುದು ಅಂದರೆ ಬಲಗಡೆಗೆ ಉಷ್ಣ ಸುರಿದಂತೆ. ಆಗ ಸಮತೋಲನ ಎಡಕ್ಕೆ ಸರಿಯುತ್ತದೆ, ನೀಲಿ ಕರಗುತ್ತದೆ. ತಣ್ಣಗೆ ಮಾಡಿದರೆ ಬಲಕ್ಕೆ. ಡೆಲ್ಟಾ ಎಚ್ (ಕ್ರಿಯೆ ಹೀರುವ ಉಷ್ಣ; ಹೊರಬಿಟ್ಟರೆ ಮೈನಸ್) ಮೈನಸ್ ಇದ್ದರೆ ಉಷ್ಣ ಬಲಗಡೆ, ಪ್ಲಸ್ ಇದ್ದರೆ ಎಡಗಡೆ. ಬದಲಾವಣೆ ತಂದರೆ ಸಮತೋಲನ ಅದನ್ನು ತಗ್ಗಿಸುವ ಕಡೆಗೆ ಸರಿಯುತ್ತದೆ ಅಂತ ಫ್ರಾನ್ಸಿನ ರಸಾಯನ ವಿಜ್ಞಾನಿ ಲೆ ಶಾಟೆಲಿಯೆ 1884ರಲ್ಲಿ ಹೇಳಿದ ತತ್ವವನ್ನು ತಾಪಕ್ಕೆ ಬಳಸುವುದು ಹೀಗೆ.

ಇಲ್ಲೊಂದು ತಪ್ಪು ತಿಳಿವಳಿಕೆ ಪ್ರತಿ ವರ್ಷ ಬರುತ್ತದೆ. ಬಿಸಿ ಮಾಡಿದರೆ ಒಂದು ಕಡೆಯ ಕ್ರಿಯೆ ಮಾತ್ರ ಜೋರಾಗುತ್ತದೆ ಅಂತ ಬರೆಯುತ್ತಾರೆ. ಹಾಗಲ್ಲ. ಎರಡೂ ಜೋರಾಗುತ್ತವೆ. ಉಷ್ಣ ಹೀರುವ ಕ್ರಿಯೆ ಹತ್ತಬೇಕಾದ ಗುಡ್ಡ, ಅಂದರೆ ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿ, ಹೆಚ್ಚು ಎತ್ತರ. ಹಾಗಾಗಿ ಬಿಸಿಯ ಲಾಭ ಅದಕ್ಕೇ ಜಾಸ್ತಿ ಸಿಗುತ್ತದೆ. ಸಮತೋಲನ ಸ್ಥಿರಾಂಕ (ಸಮತೋಲನ ಯಾವ ಕಡೆಗೆ ಎಷ್ಟು ವಾಲಿದೆ ಅಂತ ಹೇಳುವ ಸಂಖ್ಯೆ) ಬದಲಾಗುವುದು ಇದರಿಂದಲೇ. ಒತ್ತಡ ಹೆಚ್ಚಿಸಿದರೂ, ವೇಗವರ್ಧಕ (ತಾನು ಖರ್ಚಾಗದೆ ಕ್ರಿಯೆಯನ್ನು ಜೋರು ಮಾಡುವ ವಸ್ತು) ಹಾಕಿದರೂ ಆ ಸಂಖ್ಯೆ ಅಲುಗುವುದಿಲ್ಲ.

ಎಷ್ಟು ಬದಲಾಗುತ್ತದೆ ಅಂತ ಲೆಕ್ಕವೂ ಹಾಕಬಹುದು. ಡೈನೈಟ್ರೋಜನ್ ಟೆಟ್ರಾಕ್ಸೈಡ್ ಬಣ್ಣವಿಲ್ಲದ ಅನಿಲ. ಅದು ಒಡೆದು ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಆಗಲು ಮೋಲ್‌ಗೆ 57.2 ಕಿಲೋಜೂಲ್ ಹೀರುತ್ತದೆ. (ಇದು ವಿಷಾನಿಲ, ಮನೆಯಲ್ಲಿ ಬೇಡವೇ ಬೇಡ.) 25 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿದರೆ? ಮೊದಲು ಕೆಲ್ವಿನ್ ಮಾಡಿ: 298, 373. ಕಿಲೋಜೂಲನ್ನು ಜೂಲ್ ಮಾಡಿ, ಅಂಕ ಹೋಗುವುದು ಇಲ್ಲೇ. 57200ನ್ನು ಅನಿಲ ಸ್ಥಿರಾಂಕ 8.314ರಿಂದ ಭಾಗಿಸಿದರೆ 6880. 1/298ರಿಂದ 1/373 ಕಳೆದರೆ 0.000675. ಗುಣಿಸಿದರೆ 4.64. ಇದು ಎರಡು ಸ್ಥಿರಾಂಕಗಳ ಅನುಪಾತದ ಲಾಗ್, ಸಹಜ ಲಾಗ್. ಹಾಗಾಗಿ ಸ್ಥಿರಾಂಕ ಸುಮಾರು 100 ಪಟ್ಟು ಏರಿತು! 75 ಡಿಗ್ರಿ ವ್ಯತ್ಯಾಸಕ್ಕೆ ಇಷ್ಟು.

ಒಮ್ಮೆ ರೈತರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. "ನೈಟ್ರೋಜನ್, ಹೈಡ್ರೋಜನ್ ಸೇರಿ ಅಮೋನಿಯಾ ಆಗುವಾಗಲೂ ಉಷ್ಣ ಹೊರಬೀಳುತ್ತದೆ. ತಣ್ಣಗಿದ್ದರೆ ಒಳ್ಳೆಯದು, ಅಲ್ವಾ ಮೇಡಂ? ಮತ್ತೆ ಕಾರ್ಖಾನೆಯಲ್ಲಿ 450 ಡಿಗ್ರಿ ಯಾಕೆ?" ತುಂಬಾ ಖುಷಿಯಾಯಿತು. ತಣ್ಣಗಿದ್ದರೆ ಸಮತೋಲನ ಅಮೋನಿಯಾ ಕಡೆಗೇ ಇರುತ್ತದೆ, ಆದರೆ ಅಲ್ಲಿಗೆ ತಲುಪುವುದೇ ಇಲ್ಲ. ನೈಟ್ರೋಜನ್ ಅಣುವಿನ ಬಂಧ ಅಷ್ಟು ಗಟ್ಟಿ. ತೀರಾ ಬಿಸಿ ಮಾಡಿದರೆ ಬೇಗ ತಲುಪುತ್ತದೆ, ಅಮೋನಿಯಾ ಮಾತ್ರ ಉಳಿಯುವುದಿಲ್ಲ. ಅದಕ್ಕೇ ನಡುವಿನ 450 ಡಿಗ್ರಿ. ಜರ್ಮನಿಯ ರಸಾಯನ ವಿಜ್ಞಾನಿ ಫ್ರಿಟ್ಜ್ ಹಾಬರ್ 1909ರಲ್ಲಿ ವೇಗವರ್ಧಕ ಮತ್ತು ಭಾರಿ ಒತ್ತಡ ಬಳಸಿ ಅಮೋನಿಯಾ ಮಾಡಿ ತೋರಿಸಿದರು. 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಕಾರ್ಖಾನೆ ಶುರುವಾಯಿತು. ನಮ್ಮ ಪಣಂಬೂರಿನ ಗೊಬ್ಬರ ಕಾರ್ಖಾನೆಯಲ್ಲಿ ಯೂರಿಯಾಕ್ಕೆ ಬೇಕಾದ ಅಮೋನಿಯಾ ಆಗುವುದೂ ಇದೇ ಕ್ರಿಯೆಯಿಂದ. ಒಂದು ಸುತ್ತಿನಲ್ಲಿ ಅನಿಲದ ಸ್ವಲ್ಪ ಪಾಲು ಮಾತ್ರ ಅಮೋನಿಯಾ ಆಗುತ್ತದೆ. ಅನಿಲವನ್ನು ತಣ್ಣಗೆ ಮಾಡಿ, ದ್ರವವಾದ ಅಮೋನಿಯಾವನ್ನು ಇಳಿಸಿಕೊಂಡು, ಉಳಿದದ್ದನ್ನು ಮತ್ತೆ ಕ್ರಿಯೆ ನಡೆಯುವ ಬಿಸಿ ಗೋಪುರಕ್ಕೆ ಕಳಿಸುತ್ತಾರೆ.