ಹಳೇ ಬಾಡಿ, ಒಳ್ಳೆ ಗ್ಲಾಸ್: ಮಕ್ಕಳ ಕಬಡ್ಡಿ ಫೋಟೋಗೆ ನಾನು ಕ್ಯಾಮೆರಾ ಬದಲಿಸಿದ ಬಗೆ

ಮಕ್ಕಳ ಆಟದ ಫೋಟೋಗೆ ಹೊಸ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಬೇಕಾಗಿಲ್ಲ, ಬೆಳಕು ಜಾಸ್ತಿ ಎಳೆಯುವ ಲೆನ್ಸ್, ಅಂದರೆ ಒಳ್ಳೆ ಗ್ಲಾಸ್ ಬೇಕು. ನಾನು ಇದನ್ನು ಹೇಳಿದಾಗ ನಮ್ಮ ಕಾಸರಗೋಡಿನ ಬದಿಯಡ್ಕ, ಕುಂಬಳೆ ಕಡೆಯ ಸ್ಟುಡಿಯೋದವರು ಯಾರೂ ಒಪ್ಪಿರಲಿಲ್ಲ. "ಎಲ್ಲರೂ ಮಿರರ್‌ಲೆಸ್‌ಗೆ ಹೋಗುವಾಗ ನೀನು 2014ರ ಕ್ಯಾಮೆರಾ ತೆಗೊಳ್ಳುದಾ ಮಾರಾಯಾ?" ಅಂತ ಕೇಳಿದವರೇ ಜಾಸ್ತಿ. ಮಿರರ್‌ಲೆಸ್ ಅಂದರೆ ಒಳಗೆ ಕನ್ನಡಿ ಇಲ್ಲದ ಈಗಿನ ತರದ ಕ್ಯಾಮೆರಾ. ಈಗ ಅದೇ ಹಳೇ ಬಾಡಿಯಲ್ಲಿ ತೆಗೆದ ಫೋಟೋಗಳು ಎರಡು ಮೂರು ಶಾಲೆಗಳ ಆಫೀಸ್ ರೂಮಿನ ಗೋಡೆಯಲ್ಲಿವೆ. ಕೆಲವು ಕ್ಲಬ್ಬಿನವರು ಟೂರ್ನಮೆಂಟಿನ ತಾರೀಕು ಗೊತ್ತು ಮಾಡುವಾಗಲೇ ನನಗೆ ಫೋನ್ ಮಾಡಿ ಆ ದಿನ ಫ್ರೀ ಇದ್ದೀರಾ ಅಂತ ಕೇಳುತ್ತಾರೆ. ಹಾಗಾಗಿ ಹೇಗೆ ಮಾಡಿದೆ, ಎಷ್ಟು ಖರ್ಚಾಯಿತು ಅಂತ ಬರೆಯುತ್ತಿದ್ದೇನೆ. ಅಪರ್ಚರ್, ಶಟರ್ ಪಾಠ ಇಲ್ಲಿಲ್ಲ, ಇಷ್ಟು ಗೊತ್ತಿದ್ದರೆ ಸಾಕು: ಎಫ್ ನಂಬರ್ ಚಿಕ್ಕದಾದಷ್ಟು ಲೆನ್ಸ್ ಜಾಸ್ತಿ ಬೆಳಕು ಎಳೆಯುತ್ತದೆ, 1/1000 ಅಂದರೆ ಶಟರ್ ತೆರೆದಿರುವುದು ಸೆಕೆಂಡಿನ ಸಾವಿರದ ಒಂದು ಭಾಗ ಮಾತ್ರ, ಐಎಸ್‌ಒ ಏರಿಸಿದರೆ ಕಡಿಮೆ ಬೆಳಕಿನಲ್ಲೂ ಫೋಟೋ ಬರುತ್ತದೆ, ಆದರೆ ಗ್ರೇನ್ (ಕಾಳು ಕಾಳು) ಹೆಚ್ಚುತ್ತದೆ. ಬೆಲೆಗಳನ್ನು ನೆನಪಿನಿಂದ ಹೇಳುತ್ತಿದ್ದೇನೆ, ಸಾವಿರ ಎರಡು ಸಾವಿರ ಆಚೆ ಈಚೆ ಇರಬಹುದು.

ಮೊದಲು ನನ್ನ ಹತ್ತಿರ ಇದ್ದದ್ದು ಕ್ಯಾನನ್ 1300ಡಿ, ಜೊತೆಗೆ 55-250 ಲೆನ್ಸ್ (ಈ ನಂಬರ್ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ). ಹಗಲಿಗೆ ಅದು ಸಾಕು. ಶಾಲೆಯ ಕ್ರೀಡಾಕೂಟದಲ್ಲಿ ಒಳ್ಳೆ ಬಿಸಿಲಿದ್ದರೆ ಎಫ್ 5.6ರಲ್ಲೂ 1/1000 ಆರಾಮವಾಗಿ ಸಿಗುತ್ತದೆ. ತೊಂದರೆ ಏನೆಂದರೆ ಸೆಕೆಂಡಿಗೆ 3 ಫ್ರೇಮ್, ಅಂದರೆ ಮೂರೇ ಫೋಟೋ. ಲಾಂಗ್ ಜಂಪಿನಲ್ಲಿ ಮಗು ಗಾಳಿಯಲ್ಲಿ ಇರುವುದೇ ಅರ್ಧ ಸೆಕೆಂಡ್. ಅಷ್ಟರಲ್ಲಿ ಒಂದು ಫ್ರೇಮ್ ಸಿಗುತ್ತದೆ, ಹೆಚ್ಚೆಂದರೆ ಎರಡು, ಅದರಲ್ಲಿ ಮುಖ ಶಾರ್ಪ್ ಇರುವುದು ಅದೃಷ್ಟ.

ನಿಜವಾದ ಕಷ್ಟ ಹೊನಲು ಬೆಳಕಿನ ಕಬಡ್ಡಿಯಲ್ಲಿ. ನಮ್ಮ ಕಾಸರಗೋಡಿನಲ್ಲಿ ಕಬಡ್ಡಿಗೆ ಎಷ್ಟು ಜನ ಸೇರುತ್ತಾರೆ ಅಂತ ಹೇಳಬೇಕಾಗಿಲ್ಲ. ದೊಡ್ಡವರ ಪಂದ್ಯ ಶುರುವಾಗುವ ಮೊದಲು ಎಷ್ಟೋ ಕಡೆ ಮಕ್ಕಳ ಪಂದ್ಯ ಇಡುತ್ತಾರೆ. ಗದ್ದೆಯಲ್ಲೋ ಶಾಲೆ ಮೈದಾನದಲ್ಲೋ ಅಂಕಣ, ಮೂಲೆಗಳಲ್ಲಿ ಕಂಬ, ಕಂಬದ ಮೇಲೆ ಲೈಟ್. ಕಣ್ಣಿಗೆ ಭಾರೀ ಬೆಳಕು ಅನಿಸುತ್ತದೆ, ಕ್ಯಾಮೆರಾಕ್ಕೆ ಅದು ಏನೂ ಅಲ್ಲ. ಎಫ್ 5.6, ಐಎಸ್‌ಒ 6400 ಇಟ್ಟರೆ 1/100 ಸಿಗುತ್ತಿತ್ತು. 1/100ರಲ್ಲಿ ನಿಂತ ಅಂಪಾಯರ್ ಮಾತ್ರ ಚೆನ್ನಾಗಿ ಬರುತ್ತಾನೆ, ಆಡುವ ಮಕ್ಕಳೆಲ್ಲ ಹೊಗೆ. ಒಂದು ಕ್ಲಬ್ಬಿಗೆ ರಾತ್ರಿ ಇಡೀ ತೆಗೆದುಕೊಟ್ಟ ಫೋಟೋಗಳಲ್ಲಿ ಅವರು ಪ್ರಿಂಟ್ ಹಾಕಿಸಿದ್ದು ಬಹುಮಾನ ಕೊಡುವ ಫೋಟೋ ಮಾತ್ರ. ಆಟದ್ದು ಒಂದೂ ಇಲ್ಲ. ಪೆಟ್ರೋಲ್ ದುಡ್ಡೂ ಹುಟ್ಟಲಿಲ್ಲ.

ಫ್ಲ್ಯಾಶ್ ಹಾಕಬಾರದಾ ಅಂತ ಕೇಳುತ್ತಾರೆ. ಮಕ್ಕಳ ಕಣ್ಣಿಗೆ ಎದುರಿನಿಂದ ಫ್ಲ್ಯಾಶ್ ಹೊಡೆಯುವುದು ನನಗೆ ಒಪ್ಪಿಗೆ ಇಲ್ಲ. ರೈಡ್ ಮಾಡುವ ಹುಡುಗ ಅರೆಕ್ಷಣ ಕಣ್ಣು ಮುಚ್ಚಿದರೆ ಪಾಯಿಂಟ್ ಹೋಯಿತು, ಕಾಲಿನ ಗಂಟೂ ಹೋಗಬಹುದು.

ಎಲ್ಲರೂ ಕೊಟ್ಟ ಸಲಹೆ ಒಂದೇ, ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಮಿರರ್‌ಲೆಸ್ ತೆಗೊ. ಲೆಕ್ಕ ಹಾಕಿ ನೋಡಿದೆ. ಬಾಡಿ ಬಿಡಿ, ಅದಕ್ಕೆ ಸರಿಯಾದ 70-200 ಎಫ್ 2.8 ಲೆನ್ಸ್ ಒಂದಕ್ಕೇ ಎರಡು ಲಕ್ಷಕ್ಕೆ ಮೇಲೆ. ಮಕ್ಕಳ ಕಬಡ್ಡಿಗೆ ಒಂದು ರಾತ್ರಿಗೆ ಸಿಗುವುದು ಎರಡು, ಮೂರು ಸಾವಿರ, ಕೆಲವು ಕಡೆ ಊಟ ಮಾತ್ರ. ಸಾಲ ಮಾಡಿ ತೆಗೆದರೆ ಆ ಸಾಲ ತೀರಿಸಲಿಕ್ಕೆ ಮತ್ತೆ ಮದುವೆಗಳ ಹಿಂದೆಯೇ ಓಡಬೇಕು, ಮೈದಾನಕ್ಕೆ ಹೋಗಲು ಟೈಮ್ ಎಲ್ಲಿ? ಎಷ್ಟೋ ಜನ ಇಷ್ಟೆಲ್ಲ ದುಡ್ಡು ಬಾಡಿಯ ಮೇಲೆ ಹಾಕಿ ಕೊನೆಗೆ ಅದರ ಜೊತೆ ಬಂದ ಕಿಟ್ ಲೆನ್ಸ್‌ನಲ್ಲೇ ತೆಗೆಯುತ್ತಾರೆ. ಹೊಸ ಬಾಡಿ, ಬೆಳಕು ಮಾತ್ರ ಅದೇ 5.6ರದ್ದು.

ಹಾಗಾಗಿ ನಾನು ಲೆನ್ಸಿನಿಂದ ಶುರು ಮಾಡಿದೆ. ಮೊದಲು ಅಗ್ಗದ 50 ಎಫ್ 1.8 ಎಸ್‌ಟಿಎಂ ಒಬ್ಬ ಗೆಳೆಯನಿಂದ ತಂದು ನೋಡಿದೆ. ಬೆಳಕು ಸಾಕಷ್ಟು ಬಂತು, ಆದರೆ ಫೋಕಸ್ ನಿಧಾನ, ಅಂಕಣದ ಆಚೆ ಅರ್ಧಕ್ಕೆ ಉದ್ದ ಸಾಲದು. ಆಮೇಲೆ ಸಿಕ್ಕಿದ್ದು 85 ಎಫ್ 1.8 ಯುಎಸ್‌ಎಂ. 1992ರ ವಿನ್ಯಾಸ, ಸೆಕೆಂಡ್ ಹ್ಯಾಂಡ್, ಹದಿನೇಳು ಸಾವಿರ ಕೊಟ್ಟೆ. ಕೈಗೆ ಬಂದ ರಾತ್ರಿಯೇ ಹಳೇ 1300ಡಿಗೆ ಸಿಕ್ಕಿಸಿ ಪೆರ್ಲದ ಹತ್ತಿರ ಒಂದು ಪಂದ್ಯಕ್ಕೆ ಹೋದೆ. ಎಫ್ 2, ಐಎಸ್‌ಒ 6400, ಶಟರ್ 1/800. ಅದೇ ತರದ ಲೈಟು, ಅದೇ ಬಾಡಿ, ಎಂಟು ಪಟ್ಟು ಬೆಳಕು. ಒಂದು ಪುಟ್ಟ ಹುಡುಗ ಇಬ್ಬರ ಕೈಯಿಂದ ನುಣುಚಿ ನಡುಗೆರೆಗೆ ಕೈ ಚಾಚಿ ಬಿದ್ದಿದ್ದಾನೆ. ಅವನ ತೋರು ಬೆರಳು ಗೆರೆಯ ಮೇಲೆ ಉಂಟು, ಉಗುರಿಗೆ ಸುಣ್ಣ ಹತ್ತಿದೆ, ಹಿಂದೆ ಕಾಲು ಹಿಡಿದವನ ಬಾಯಿ ತೆರೆದಿದೆ. ಎಲ್ಲ ಕಾಣುತ್ತದೆ. ಬಾಡಿ ಬದಲಿಸುವ ಮೊದಲೇ ಇಷ್ಟು ಸಿಕ್ಕಿತು ಅಂದಾಗ ನನಗೆ ದಾರಿ ಸ್ಪಷ್ಟವಾಯಿತು.

85 ಯಾಕೆ ಸರಿ ಅಂದರೆ ಮಕ್ಕಳ ಅಂಕಣ ಚಿಕ್ಕದು. ದೊಡ್ಡ ಗಂಡಸರದ್ದು 13 ಮೀಟರ್ ಉದ್ದ, 10 ಮೀಟರ್ ಅಗಲ. ಸಬ್ ಜೂನಿಯರ್‌ನವರದ್ದು 11ಕ್ಕೆ 8. ಎಂಡ್ ಲೈನಿನ ಹಿಂದೆ ಕೂತರೆ ರೈಡರ್ ನಮ್ಮಿಂದ ನಾಲ್ಕೈದು ಮೀಟರಿನಲ್ಲಿ ಇರುತ್ತಾನೆ. ನನ್ನದರಂಥ ಕ್ರಾಪ್ (ಚಿಕ್ಕ ಸೆನ್ಸರಿನ) ಬಾಡಿಯಲ್ಲಿ 85 ಅಂದರೆ 136ರ ಲೆಕ್ಕ, ಕ್ಯಾಮೆರಾ ಲಂಬವಾಗಿ ಹಿಡಿದರೆ ಬಾಗಿ ನಿಂತ ಮಗು ತಲೆಯಿಂದ ಕಾಲಿನವರೆಗೆ ಕೂರುತ್ತದೆ. ಒಂದು ಕೊರತೆ ಉಂಟು. 1.8ರಲ್ಲೇ ಇಟ್ಟರೆ ಬಿಳಿ ಜರ್ಸಿಯ ಅಂಚಿಗೆ ನೇರಳೆ ಬಣ್ಣ ಬರುತ್ತದೆ. 2.2ಕ್ಕೆ ಇಳಿಸಿದರೆ ಬಹಳಷ್ಟು ಕಡಿಮೆಯಾಗುತ್ತದೆ.

ಮತ್ತೆ ಬಂದದ್ದು 70-200 ಎಫ್ 2.8. ಇಲ್ಲಿಯೇ ಎಲ್ಲರೂ ನನ್ನನ್ನು ಹುಚ್ಚ ಅಂದದ್ದು, ಯಾಕೆಂದರೆ ನಾನು ಹುಡುಕಿದ್ದು ಐಎಸ್ (ಕೈ ನಡುಕ ತಡೆಯುವ ವ್ಯವಸ್ಥೆ) ಇಲ್ಲದ್ದು, 1995ರಲ್ಲಿ ಬಂದ ಮಾಡೆಲ್. ಮದುವೆ ಫೋಟೋ ಮಾಡುವವರಿಗೆ ಐಎಸ್ ಬೇಕು, ಒಪ್ಪುತ್ತೇನೆ. ಆದರೆ 1/800ರಲ್ಲಿ ಓಡುವ ಮಗುವಿಗೆ ಐಎಸ್ ಏನು ಮಾಡುತ್ತದೆ? ಅದು ನನ್ನ ಕೈ ನಡುಗುವುದನ್ನು ನಿಲ್ಲಿಸುತ್ತದೆ, ಮಗು ಓಡುವುದನ್ನಲ್ಲ. ಅದು ಇಲ್ಲದ್ದಕ್ಕೆ ಬೆಲೆ ಹೆಚ್ಚುಕಡಿಮೆ ಅರ್ಧ. ಮೊದಲು ಬಂದ ಲೆನ್ಸಿಗೆ ಟಾರ್ಚ್ ಹಾಕಿ ನೋಡಿದರೆ ಹಿಂದಿನ ಗ್ಲಾಸಿನಲ್ಲಿ ಜೇಡನ ಬಲೆ ತರ ಫಂಗಸ್. ಮಾರುವವರು ಕ್ಲೀನ್ ಪೀಸ್ ಅಂತ ಹೇಳಿದ್ದರು. ವಾಪಸ್ ಮಾಡಿದೆ, ಕೊರಿಯರ್ ದುಡ್ಡು ನನ್ನ ತಲೆಗೆ ಬಂತು. ಎರಡನೆಯದ್ದನ್ನು ಮಂಗಳೂರಿಗೆ ಹೋಗಿ ಕಣ್ಣಾರೆ ನೋಡಿ ತಂದೆ, ನಲವತ್ತೆರಡು ಸಾವಿರ. ಬಣ್ಣ ಹೋಗಿದೆ, ಹುಡ್ ಒಡೆದಿದೆ, ಗ್ಲಾಸ್ ಮಾತ್ರ ಕನ್ನಡಿ ತರ ಸ್ವಚ್ಛ. ನನಗೆ ಬೇಕಾದ್ದು ಗ್ಲಾಸ್.

ಈ ಲೆನ್ಸಿನ ಇನ್ನೊಂದು ಗುಣ ನಮ್ಮ ಊರಿಗೆ ಹೇಳಿ ಮಾಡಿಸಿದ್ದು. ಝೂಮ್ ಮಾಡಿದರೆ ಇದು ಹೊರಗೆ ಬರುವುದಿಲ್ಲ, ಉದ್ದ ಅಷ್ಟೇ ಇರುತ್ತದೆ. 55-250 ಉದ್ದ ಆಗುತ್ತದೆ, ಗಿಡ್ಡ ಆಗುತ್ತದೆ, ಪ್ರತಿ ಸಲ ಗಾಳಿ ಎಳೆಯುತ್ತದೆ. ನಮ್ಮ ಮುರಕಲ್ಲಿನ ಮೈದಾನಗಳ ಕೆಂಪು ಧೂಳು ಗೊತ್ತಲ್ವಾ, ಎರಡು ಸೀಸನ್‌ನಲ್ಲಿ ಒಳಗೆಲ್ಲ ಕೆಂಪು. ಧೂಳಿನ ವಿಷಯ ಬಂದಾಗ ಇದನ್ನೂ ಹೇಳುತ್ತೇನೆ: ಮಧ್ಯಾಹ್ನದ ಬಿಸಿಲಿನಲ್ಲಿ ಆ ಕೆಂಪು ನೆಲವೇ ಕೆಳಗಿನಿಂದ ಮಕ್ಕಳ ಮುಖಕ್ಕೆ ಬೆಳಕು ಕೊಡುತ್ತದೆ. ಕಣ್ಣಿನ ಕೆಳಗಿನ ಕಪ್ಪು ನೆರಳು ತಾನೇ ಹೋಗುತ್ತದೆ. ಗದ್ದದ ಕೆಳಗೆ ಸ್ವಲ್ಪ ಕೆಂಪು ಛಾಯೆ ಬರುತ್ತದೆ, ಬಿಳಿ ಯೂನಿಫಾರ್ಮ್‌ಗೂ ಹತ್ತುತ್ತದೆ. ಅದನ್ನು ಪೂರ್ತಿ ತೆಗೆಯಲು ಹೋಗಬೇಡಿ, ತೆಗೆದರೆ ಮುಖ ಬೂದಿ ಬೂದಿ ಕಾಣುತ್ತದೆ.

ಕೊನೆಗೆ ಬಾಡಿ. 7ಡಿ ಮಾರ್ಕ್ 2, ಎರಡು ಬ್ಯಾಟರಿ ಸೇರಿ ಮೂವತ್ತೆಂಟು ಸಾವಿರ. ಸೆಕೆಂಡಿಗೆ 10 ಫ್ರೇಮ್, 65 ಫೋಕಸ್ ಪಾಯಿಂಟ್, ಎಲ್ಲವೂ ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರೆ ಹಿಡಿಯುವಂಥವು). ನಿಕಾನ್‌ನವರು ಡಿ500 ನೋಡಿ, ಅದು ಇನ್ನೂ ಚೆನ್ನಾಗಿದೆ, ನನ್ನ ಲೆನ್ಸ್ ಕ್ಯಾನನ್ ಆದ್ದರಿಂದ ನಾನು ಆ ಕಡೆ ಹೋಗಲಿಲ್ಲ. ಹಳೇ ಬಾಡಿ, 55-250 ಎರಡನ್ನೂ ಹದಿನೆಂಟು ಸಾವಿರಕ್ಕೆ ಒಬ್ಬ ಹುಡುಗನಿಗೆ ಕೊಟ್ಟೆ. ಎಲ್ಲ ಕಳೆದು ಕೈಯಿಂದ ಹೋದದ್ದು ಎಂಬತ್ತು ಸಾವಿರದ ಹತ್ತಿರ.

ಬಾಡಿಯ 10 ಫ್ರೇಮಿಗಿಂತ ನನಗೆ ಉಪಕಾರ ಮಾಡಿದ್ದು ಅದರ ಆಂಟಿ ಫ್ಲಿಕರ್, ಅಂದರೆ ಲೈಟಿನ ಮಿಣುಕು ತಪ್ಪಿಸುವ ಸೆಟ್ಟಿಂಗ್. ರಾತ್ರಿ ತೆಗೆದ ಬರ್ಸ್ಟ್‌ನಲ್ಲಿ (ಒಂದರ ಹಿಂದೆ ಒಂದು ತೆಗೆದ ಫೋಟೋಗಳಲ್ಲಿ) ಒಂದು ಫೋಟೋ ಬೆಳ್ಳಗೆ, ಮುಂದಿನದ್ದು ಕಪ್ಪು, ಅದರ ಮುಂದಿನದ್ದು ಹಳದಿ, ಹೀಗೆ ಬರುವುದನ್ನು ನೀವೂ ನೋಡಿರಬಹುದು. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಲೈಟು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. 1/800ರಲ್ಲಿ ಆ ಏರಿಳಿತದ ಒಂದು ಚೂರು ಮಾತ್ರ ಸಿಗುತ್ತದೆ. ಈ ಬಾಡಿ ಲೈಟು ಜೋರಾಗಿರುವ ಹೊತ್ತಿಗೇ ಶಟರ್ ಬಿಡುತ್ತದೆ. ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ. ಜನರೇಟರ್ ಮೇಲೆ ಪಂದ್ಯ ನಡೆಯುವಾಗ ಕೆಲವು ಕಡೆ ಇದು ಕೈ ಕೊಟ್ಟಿದೆ. ಲೈಟು ಕಟ್ಟುವ ಇಲೆಕ್ಟ್ರಿಶಿಯನ್ ಪರಿಚಯ ಇದ್ದರೆ ಒಂದು ಮಾತು ಹೇಳಿ ನೋಡಿ: ತ್ರೀ ಫೇಸ್ ಇದ್ದರೆ ಕಂಬಗಳನ್ನು ಬೇರೆ ಬೇರೆ ಫೇಸಿಗೆ ಹಾಕಿದರೆ ಒಂದರ ಬೆಳಕು ಇಳಿಯುವಾಗ ಇನ್ನೊಂದರದ್ದು ಏರುತ್ತದೆ, ಫ್ಲಿಕರ್ ಅರ್ಧಕ್ಕರ್ಧ ಹೋಗುತ್ತದೆ. ನಮ್ಮ ಕಡೆ ಒಬ್ಬ ಅಣ್ಣ ಈಗ ನಾನು ಬರುತ್ತೇನೆ ಅಂದರೆ ಹಾಗೆಯೇ ಕಟ್ಟುತ್ತಾರೆ.

ಫೋಕಸ್‌ಗೆ ಎಎಫ್ ಆನ್ ಬಟನ್ (ಫೋಕಸ್‌ಗೆಂದೇ ಹಿಂದೆ ಇರುವ ಬಟನ್), ಸರ್ವೋ (ಓಡುವವರ ಹಿಂದೆಯೇ ಫೋಕಸ್ ಹೋಗುವುದು), ಒಂದು ಪಾಯಿಂಟ್ ಮತ್ತು ಅದರ ಸುತ್ತ ನಾಲ್ಕು. ಮೆನುವಿನಲ್ಲಿ ಕೇಸ್ 2, ಅಂದರೆ ಅಡ್ಡ ಬಂದವರನ್ನು ಲೆಕ್ಕಕ್ಕೆ ಹಿಡಿಯಬೇಡ ಅನ್ನುವುದು. ಕಬಡ್ಡಿಯಲ್ಲಿ ಏಳು ಜನ ಕೈ ಕೈ ಹಿಡಿದು ಎದುರು ಓಡಾಡುತ್ತಾರೆ, ಈ ಸೆಟ್ಟಿಂಗ್ ಇಲ್ಲದಿದ್ದರೆ ಫೋಕಸ್ ರೈಡರನ್ನು ಬಿಟ್ಟು ಅವರ ಬೆನ್ನಿಗೆ ಹೋಗಿ ಕೂರುತ್ತದೆ. ಟ್ರ್ಯಾಕಿಂಗ್ ನಂಬರನ್ನು ನಾನು ಇನ್ನೂ ಸ್ವಲ್ಪ ಬದಲಿಸಿಕೊಂಡಿದ್ದೇನೆ. ಅದು ಎಷ್ಟು ಅಂತ ಇಲ್ಲಿ ಹೇಳುವುದಿಲ್ಲ, ಬಹಳ ರಾತ್ರಿ ನಿದ್ದೆ ಬಿಟ್ಟು ಸಿಕ್ಕಿದ್ದು.

ಕೂರುವ ಜಾಗ ಮಾತ್ರ ಹೇಳುತ್ತೇನೆ. ರೈಡರ್ ಬರುವಾಗ ಅವನ ಮುಖ ಇರುವುದು ಡಿಫೆನ್ಸ್‌ನವರ ಕಡೆಗೆ, ಹಾಗಾಗಿ ಅವರ ಹಿಂದಿನ ಎಂಡ್ ಲೈನಿನ ಮೂಲೆ ಒಳ್ಳೆಯದು. ಹಿಡಿತಕ್ಕೆ ಸಿಕ್ಕ ಮೇಲೆ ಅವನು ನಡುಗೆರೆಗೆ ತಿರುಗುತ್ತಾನೆ, ಆಗ ಮುಖ ಬೇಕಾದರೆ ಎದುರಿನ ಮೂಲೆಯಲ್ಲಿ ಇರಬೇಕು. ಎರಡೂ ಬೇಕು ಅಂತ 30 ಸೆಕೆಂಡಿನ ರೈಡಿನಲ್ಲಿ ಓಡಲಿಕ್ಕೆ ಆಗುವುದಿಲ್ಲ. ನಾನು ಒಂದು ಹಾಫ್ ಇಲ್ಲಿ, ಒಂದು ಹಾಫ್ ಅಲ್ಲಿ ಕೂರುತ್ತೇನೆ. ಎಲ್ಲಿ ಕೂತರೂ ನೆಲದಲ್ಲೇ ಕೂರುವುದು, ಕ್ಯಾಮೆರಾ ಮಗುವಿನ ಎದೆಯ ಎತ್ತರಕ್ಕಿಂತ ಮೇಲೆ ಇರಬಾರದು. ನಿಂತು ತೆಗೆದರೆ ಬರೀ ತಲೆಕೂದಲು ಮತ್ತು ಮಣ್ಣು.

ನಡುವೆ ಕೆಲವು ಪ್ರಯೋಗ ಮಾಡಿದೆ. 2 ಎಕ್ಸ್ ಕನ್ವರ್ಟರ್ (ಲೆನ್ಸಿಗೂ ಬಾಡಿಗೂ ನಡುವೆ ಹಾಕಿ ದೂರದ್ದನ್ನು ಎರಡು ಪಟ್ಟು ಎಳೆಯುವ ತುಂಡು) ಆರು ಸಾವಿರಕ್ಕೆ ತಂದೆ, ಮಕ್ಕಳ ಫುಟ್ಬಾಲ್‌ನಲ್ಲಿ ದೂರದ ಗೋಲ್ ಸಿಗಲಿ ಅಂತ. ಎರಡು ಸ್ಟಾಪ್, ಅಂದರೆ ಮುಕ್ಕಾಲು ಪಾಲು ಬೆಳಕು ತಿನ್ನುತ್ತದೆ, ಫೋಕಸ್ ಒದ್ದಾಡುತ್ತದೆ, ಮಳೆಗಾಲದ ಮೋಡದಲ್ಲಿ ಕೆಲಸಕ್ಕೇ ಬಾರದು. ಮಾರಿದೆ. ಗೋಲ್ ಕಂಬಕ್ಕೆ ಆಕ್ಷನ್ ಕ್ಯಾಮೆರಾ ಕಟ್ಟಿದೆ, ಹಗಲಿಗೆ ಚೆನ್ನಾಗಿ ಬಂತು, ರಾತ್ರಿ ಬರೀ ಗ್ರೇನ್. ಮಳೆಗೆ ದುಬಾರಿ ರೇನ್ ಕವರ್ ಬೇಡ, ಸ್ನಾನಕ್ಕೆ ತಲೆಗೆ ಹಾಕುವ ಪ್ಲಾಸ್ಟಿಕ್ ಟೊಪ್ಪಿ ಬಾಡಿಯ ಮೇಲೆ, ದಪ್ಪ ಪ್ಲಾಸ್ಟಿಕ್ ತೊಟ್ಟೆ (ಚೀಲ) ಲೆನ್ಸಿನ ಮೇಲೆ, ಎರಡು ರಬ್ಬರ್ ಬ್ಯಾಂಡ್. ಮನೆಗೆ ಬಂದ ಮೇಲೆ ಒರೆಸಿ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ, ಒಳಗೆ ತೇವ ತೋರಿಸುವ ಸಣ್ಣ ಮೀಟರ್ ಉಂಟು, ಶೇಕಡಾ 45ರ ಹತ್ತಿರ ಇರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಲೆನ್ಸನ್ನು ಬ್ಯಾಗಿನಲ್ಲಿಟ್ಟು ಮರೆತರೆ ಫಂಗಸ್ ಗ್ಯಾರಂಟಿ.

ಗ್ರೇನ್ ಬಗ್ಗೆ ಒಂದು ಮಾತು. 7ಡಿ ಮಾರ್ಕ್ 2 ಐಎಸ್‌ಒ 6400ರಲ್ಲಿ ಗ್ರೇನ್ ಕೊಡುತ್ತದೆ, ಇಲ್ಲ ಅಂತ ಹೇಳುವುದಿಲ್ಲ. ಅದಕ್ಕೆ ನಾನು ಸ್ವಲ್ಪ ಬ್ರೈಟ್ ಮಾಡಿಯೇ ತೆಗೆಯುತ್ತೇನೆ, ಆಮೇಲೆ ಇಳಿಸುತ್ತೇನೆ. ಕಪ್ಪಾಗಿ ತೆಗೆದು ಏರಿಸಿದರೆ ಹೊಲಸು ಬರುತ್ತದೆ. 12x18 ಇಂಚಿನ ಪ್ರಿಂಟ್ ಹಾಕಿದಾಗ ಇದುವರೆಗೆ ಒಬ್ಬ ಮಾಷ್ಟ್ರೂ ಗ್ರೇನ್ ಅಂತ ಹೇಳಿಲ್ಲ, ಒಬ್ಬ ತಾಯಿಯೂ ಹೇಳಿಲ್ಲ. ಅವರು ಮಗುವಿನ ಮುಖ ನೋಡುತ್ತಾರೆ.

ದುಡ್ಡು ಹೇಗೆ ವಾಪಸ್ ಬಂತು ಅಂದರೆ ರಾತ್ರಿಯ ರೇಟಿನಿಂದ ಅಲ್ಲ, ಪ್ರಿಂಟಿನಿಂದ. ಮೊದಲು ಹೆಡ್ ಮಾಷ್ಟ್ರ ಹತ್ತಿರ, ಪಿಟಿಎಯವರ (ಶಿಕ್ಷಕ ರಕ್ಷಕ ಸಂಘ) ಹತ್ತಿರ ಕೇಳಿಯೇ ಕ್ಯಾಮೆರಾ ಹೊರಗೆ ತೆಗೆಯುವುದು. ಮಕ್ಕಳ ಫೋಟೋ ನಾನು ಎಲ್ಲೂ ಹಾಕುವುದಿಲ್ಲ, ಶಾಲೆಗೆ ಕೊಡುತ್ತೇನೆ, ಮನೆಯವರು ಕೇಳಿದರೆ ಅವರ ಮಗುವಿನದ್ದು ಮಾತ್ರ ಅವರಿಗೆ. ಹೀಗೆ ಇದ್ದದ್ದಕ್ಕೇ ನಂಬಿಕೆ ಬಂತು. ಈಗ ಕುಂಬಳೆ, ಮಂಜೇಶ್ವರ ಎರಡೂ ಉಪಜಿಲ್ಲೆಗಳ ಶಾಲೆಗಳಿಂದ ಕರೆ ಬರುತ್ತದೆ. ಹಾಕಿದ ಎಂಬತ್ತು ಸಾವಿರ ಎರಡು ಸೀಸನ್ ಮುಗಿಯುವ ಮೊದಲೇ ಬಂದಾಯಿತು.

ಇದೇ ದಾರಿಯಲ್ಲಿ ಹೋಗುವವರು ಕೊಳ್ಳುವಾಗ ಲೆನ್ಸಿಗೆ ಟಾರ್ಚ್ ಹಾಕಿ ಎರಡೂ ಕಡೆಯಿಂದ ನೋಡಿ, ಬಾಡಿಯ ಶಟರ್ ಕೌಂಟ್ (ಇದುವರೆಗೆ ಶಟರ್ ಎಷ್ಟು ಸಲ ಬಿಟ್ಟಿದೆ ಅನ್ನುವ ಲೆಕ್ಕ) ಲ್ಯಾಪ್‌ಟಾಪಿಗೆ ಹಾಕಿ ತೋರಿಸಲು ಹೇಳಿ. 7ಡಿ ಮಾರ್ಕ್ 2ರ ಶಟರ್‌ಗೆ ಕಂಪೆನಿ ಹೇಳುವ ಆಯುಷ್ಯ 2 ಲಕ್ಷ. ನನ್ನದು ಒಂದೂವರೆ ಲಕ್ಷ ದಾಟಿದೆ. ಮಿರರ್‌ಲೆಸ್‌ಗೆ ಹೋಗುವವರು ಹಳೆಯದ್ದನ್ನು ಮಾರುತ್ತಲೇ ಇದ್ದಾರೆ, ಬೆಲೆ ಇನ್ನೂ ಇಳಿದಿದೆ, ಅದೇ ಮಾಡೆಲಿನ ಇನ್ನೊಂದು ಬಾಡಿ ಹುಡುಕುತ್ತಿದ್ದೇನೆ. ಅದು ಬಂದರೆ ಒಂದಕ್ಕೆ 85, ಇನ್ನೊಂದಕ್ಕೆ 70-200 ಸಿಕ್ಕಿಸಿಯೇ ಇಡಬಹುದು, ಧೂಳಿನಲ್ಲಿ ಲೆನ್ಸ್ ಬಿಚ್ಚುವ ಕೆಲಸ ಇಲ್ಲ.