ಭರಣಿಯ ನಡುವೆ ನಿಲ್ಲುವ ಮೊಟ್ಟೆ

ವಿಜ್ಞಾನ ಪ್ರದರ್ಶನಗಳಲ್ಲಿ ದ್ರವಗಳ ಪದರ ತೋರಿಸಲು ಹೊರಟ ಮಕ್ಕಳು ಸೋಲುವುದು ಹೆಚ್ಚಾಗಿ ಒಂದೇ ಕಡೆ. ಉಪ್ಪುನೀರಿನ ಮೇಲೆ ಸಿಹಿನೀರು ಸುರಿಯುವಾಗ ಕೈ ಅವಸರಪಡುತ್ತದೆ, ಎರಡೂ ಕದಡಿ ಒಂದಾಗುತ್ತವೆ. ಎಣ್ಣೆಯ ಪದರವನ್ನು ಯಾರು ಬೇಕಾದರೂ ನಿಲ್ಲಿಸಬಹುದು. ನೀರಿನ ಮೇಲೆ ನೀರನ್ನು ನಿಲ್ಲಿಸುವುದಕ್ಕೆ ತಾಳ್ಮೆ ಬೇಕು.

ಸಾಂದ್ರತೆ ಎಂದರೆ ಒಂದು ಮಿಲಿಲೀಟರ್ ಜಾಗದಲ್ಲಿ ಎಷ್ಟು ಗ್ರಾಂ ವಸ್ತು ಅಡಗಿದೆ ಎಂಬ ಲೆಕ್ಕ. ನೀರಿನದು 1, ಕೊಬ್ಬರಿ ಎಣ್ಣೆಯದು ಸುಮಾರು 0.92, ಹೊಸ ಕೋಳಿಮೊಟ್ಟೆಯದು 1.08ರ ಆಸುಪಾಸು. ಇದನ್ನು ಮಂದತನದೊಂದಿಗೆ ಬೆರೆಸಬಾರದು. ಹರಳೆಣ್ಣೆ ನೀರಿಗಿಂತ ಎಷ್ಟೋ ಮಂದವಾಗಿದ್ದರೂ ಅದರ ಸಾಂದ್ರತೆ 0.96 ಮಾತ್ರ, ಆದ್ದರಿಂದ ಅದು ನೀರಿನ ಮೇಲೆಯೇ ತೇಲುತ್ತದೆ.

ಒಂದು ಲೀಟರ್ ಹಿಡಿಯುವ ಅಗಲ ಬಾಯಿಯ ಗಾಜಿನ ಭರಣಿ, 80 ಗ್ರಾಂ ಕಲ್ಲುಪ್ಪು, ಹೊಸ ಮೊಟ್ಟೆ, ಅರ್ಧ ಲೋಟ ಕೊಬ್ಬರಿ ಎಣ್ಣೆ, ಒಂದು ವೀಳ್ಯದೆಲೆ ಇದ್ದರೆ ಸಾಕು. ಬಣ್ಣದ ದ್ರವಗಳ ಕಿಟ್ ಕೊಳ್ಳುವ ಅಗತ್ಯವಿಲ್ಲ.

ಮೊದಲು 400 ಮಿಲಿಲೀಟರ್ ಬಿಸಿನೀರಿನಲ್ಲಿ ಉಪ್ಪನ್ನು ಕರಗಿಸಿ, ಬಟ್ಟೆಯಲ್ಲಿ ಸೋಸಿ, ಪೂರ್ತಿ ತಣಿಯಲು ಬಿಡಿ. ಪುಡಿಉಪ್ಪನ್ನು ನಾನು ಬಳಸುವುದಿಲ್ಲ. ಗಂಟು ಕಟ್ಟದಿರಲೆಂದು ಅದಕ್ಕೆ ಸೇರಿಸಿರುವ ಪದಾರ್ಥದಿಂದ ನೀರು ಮಬ್ಬಾಗುತ್ತದೆ. ಬಣ್ಣಕ್ಕೆ ಬೀಟ್‌ರೂಟ್ ಬೇಯಿಸಿದ ನೀರು ಎರಡು ಚಮಚ ಸಾಕು. ಅರಿಸಿನ ಮತ್ತು ಕುಂಕುಮ ಬೇಡ, ಅವು ಕರಗದೆ ತಳಕ್ಕೆ ಇಳಿಯುತ್ತವೆ.

ತಣಿದ ಉಪ್ಪುನೀರನ್ನು ಭರಣಿಗೆ ಹಾಕಿ, ಮೊಟ್ಟೆಯನ್ನು ಚಮಚದಲ್ಲಿಟ್ಟು ಮೆಲ್ಲಗೆ ಇಳಿಸಿ. ಅದರ ನೆತ್ತಿ ರೂಪಾಯಿ ನಾಣ್ಯದಷ್ಟು ಮೇಲೆ ಕಾಣಬೇಕು. ಕಾಣದಿದ್ದರೆ ಇನ್ನಷ್ಟು ಉಪ್ಪು ಬೇಕೆಂದು ಅರ್ಥ. ಭತ್ತದ ಬಿತ್ತನೆ ಬೀಜ ಆರಿಸುವ ರೈತರೂ ಉಪ್ಪುನೀರಿನ ಹದವನ್ನು ಹೀಗೆಯೇ ಮೊಟ್ಟೆ ತೇಲಿಸಿ ನೋಡುತ್ತಾರೆ. ಆ ನೀರಿನಲ್ಲಿ ಜೊಳ್ಳು ಮೇಲೆ ಬರುತ್ತದೆ, ಗಟ್ಟಿ ಕಾಳು ತಳ ಸೇರುತ್ತದೆ. ಮೊಳಕೆಗೆ ತೊಂದರೆಯಾಗದಂತೆ ಆ ಕಾಳನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆಯುತ್ತಾರೆ.

ಇನ್ನು ಕಷ್ಟದ ಹಂತ. ವೀಳ್ಯದೆಲೆಯ ಒಂದು ತುಂಡನ್ನು ಮೊಟ್ಟೆಯ ಪಕ್ಕದಲ್ಲಿ ಉಪ್ಪುನೀರಿನ ಮೇಲೆ ತೇಲಿಬಿಡಿ. 350 ಮಿಲಿಲೀಟರ್ ಸಿಹಿನೀರನ್ನು ಮೂತಿಯಿರುವ ಪಾತ್ರೆಯಲ್ಲಿಟ್ಟುಕೊಂಡು, ಪಾತ್ರೆಯ ಮೂತಿ ಎಲೆಗೆ ಒಂದು ಅಂಗುಲಕ್ಕಿಂತ ಎತ್ತರವಾಗದಂತೆ ಹಿಡಿದು, ಹತ್ತಿಯ ಎಳೆಯಷ್ಟು ಸಣ್ಣ ಧಾರೆಯಲ್ಲಿ ಎಲೆಯ ಮೇಲೆಯೇ ಬಿಡುತ್ತಾ ಹೋಗಿ. ಧಾರೆಯ ರಭಸವನ್ನು ಎಲೆ ತಾನು ಹೀರಿಕೊಂಡು ನೀರನ್ನು ಪಕ್ಕಕ್ಕೆ ಹರಡುತ್ತದೆ, ನೀರು ಏರಿದಂತೆ ತಾನೂ ಏರುತ್ತದೆ. ಮೊದಲ ಬೆರಳಗಲ ನೀರು ನಿಲ್ಲುವುದೇ ನಿರ್ಣಾಯಕ. ಅದಕ್ಕೆ ಐದು ನಿಮಿಷ ಹಿಡಿದರೂ ಹಿಡಿಯಲಿ, ಆಮೇಲೆ ಧಾರೆಯನ್ನು ಸ್ವಲ್ಪ ದಪ್ಪ ಮಾಡಬಹುದು. ಚಮಚದ ಬೆನ್ನಿನ ಮೇಲೆ ಸುರಿಯುವ ಸುಲಭೋಪಾಯವನ್ನು ಹಲವರು ಹೇಳುತ್ತಾರೆ, ಆದರೆ ಚಮಚ ನೀರಿನೊಂದಿಗೆ ತಾನಾಗಿ ಏರುವುದಿಲ್ಲ, ಕೈ ಅಲುಗಿದರೆ ಪದರವೂ ಅಲುಗುತ್ತದೆ. ಮೊಟ್ಟೆಯನ್ನು ಕೊನೆಗೆ ಹಾಕುವುದಂತೂ ಬೇಡ, ಅದು ಇಳಿಯುವಾಗ ಗಡಿಯನ್ನೇ ಕಲಕುತ್ತದೆ.

ಎಲೆಯನ್ನು ಅಂಚು ಹಿಡಿದು ತೆಗೆದು ಎಣ್ಣೆಯನ್ನು ಭರಣಿಯ ಗೋಡೆಗುಂಟ ಇಳಿಸಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ್ದರೆ ಮೊದಲು ಕರಗಿಸಿಕೊಳ್ಳಿ.

ಈಗ ಮೊಟ್ಟೆ ಕೆಂಪು ನೀರು ಮತ್ತು ತಿಳಿನೀರಿನ ಗಡಿಯಲ್ಲಿ, ಮುಕ್ಕಾಲು ಭಾಗ ಕೆಳಗಿನ ಪದರದಲ್ಲಿ ಮುಳುಗಿ, ಯಾವ ಆಸರೆಯೂ ಇಲ್ಲದೆ ನಿಂತಿರುತ್ತದೆ. ಅಲುಗಿಸದಿದ್ದರೆ ಮರುದಿನವೂ ಅದು ಅಲ್ಲೇ ಇರುತ್ತದೆ. ನೋಡಿ ಮುಗಿದ ಮೇಲೆ ಉದ್ದ ಚಮಚದಿಂದ ಎಲ್ಲವನ್ನೂ ಚೆನ್ನಾಗಿ ಕದಡಿ. ಎಣ್ಣೆ ಕೆಲವೇ ನಿಮಿಷಗಳಲ್ಲಿ ಮತ್ತೆ ಮೇಲೇರುತ್ತದೆ. ಎರಡು ನೀರುಗಳು ಮಾತ್ರ ಬೇರೆಯಾಗುವುದಿಲ್ಲ, ಉಪ್ಪು ಎಲ್ಲೆಡೆ ಹಂಚಿಹೋಗಿ ಸಾಂದ್ರತೆ 1.07ಕ್ಕೆ ಇಳಿದಿರುವುದರಿಂದ ಹೊಸ ಮೊಟ್ಟೆ ನಿಧಾನವಾಗಿ ತಳ ಸೇರುತ್ತದೆ.